ಮಂಟಯ್ಯನ ಅಂಗೈ

ಮಂಟಯ್ಯನ ಹೆಸರೆತ್ತಿದರೆ ನಮ್ಮೂರಿನ ಹಳಬರು ಈಗಲೂ ಥೂ ಎನ್ನುತ್ತಾರೆ. ಅನ್ನಲಿ. ತನ್ನ ತಪ್ಪನ್ನು ಅವನಂತೆ ಊರೆದುರು ಒಪ್ಪಿಕೊಂಡ ಇನ್ನೊಬ್ಬನನ್ನು ತೋರಿಸಲಿ ನೋಡೋಣ.

ಅಂತರಸಂತೆ ಪಕ್ಕದ ನಮ್ಮ ಹಳ್ಳಿಯಲ್ಲಿ ಅವನು ಮಾರಮ್ಮನ ಗುಡ್ಡಪ್ಪ, ಗುಡಿಯ ಪೂಜಾರಿ. ತಮಟೆ ಬಡಿದರೆ ಅಮ್ಮ ಅವನ ಮೈಮೇಲೆ ಬರುತ್ತಿದ್ದಳು. ಬಂದವಳು ಅವಳೇ ಎನ್ನುವುದಕ್ಕೆ ಅವನ ಅಂಗೈಯಲ್ಲಿ ಕರ್ಪೂರ ಹಚ್ಚುತ್ತಿದ್ದರು. ಕೈ ಸುಡಬಾರದು. ಅವನ ಕೈ ಎಂದೂ ಸುಟ್ಟಿರಲಿಲ್ಲ. ಅದರಿಂದಲೇ ಅವನಿಗೆ ತಲೆ ಮೇಲೆ ಕೋಡು ಮೂಡಿತ್ತು. ಪಟೇಲ ಸೋಮಯ್ಯ ಎದುರು ಬಂದರೂ ಜಗಲಿಯಿಂದ ಏಳುತ್ತಿರಲಿಲ್ಲ.

ಪ್ಲೇಗಿನ ವರ್ಷ ಮನೆಮನೆಯಲ್ಲೂ ಇಲಿ ಸತ್ತು ಬೀಳತೊಡಗಿದವು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಿ ಎಂದು ತಾಲ್ಲೂಕು ಕಚೇರಿಯಿಂದ ಅಪ್ಪಣೆ ಬಂತು. ಜನ ಅಮ್ಮನನ್ನು ಕೇಳೋಣ ಎಂದರು. ತನ್ನನ್ನು ಕೇಳದೆ ಬಂದ ಅಪ್ಪಣೆ ಎಂದು ಮಂಟಯ್ಯನಿಗೆ ಮೈಯೆಲ್ಲ ಉರಿದಿತ್ತು. ಕುಣಿದ, ಕರ್ಪೂರ ಹಿಡಿದ, "ಊರು ಬುಡಬ್ಯಾಡಿ, ನಾನಿವ್ನಿ" ಎಂದು ಗುಡುಗಿದ. ಯಾರೂ ಕದಲಲಿಲ್ಲ.

ಹದಿನೈದು ದಿನದಲ್ಲಿ ಹನ್ನೊಂದು ಹೆಣ. ನಮ್ಮಜ್ಜಿ ಚಿಕ್ಕಬೀರಮ್ಮನ ಹಿರಿಮಗ ಹೋದ. ಮಂಟಯ್ಯನ ಹೆಂಡತಿ ಪುಟ್ಟಸಿದ್ದಮ್ಮನೂ ಹೋದಳು. ಆಗಲೂ ಜನ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು, ಅಮ್ಮನ ಮಾತು ಮೀರುವುದುಂಟೆ!

ಸೋಮಯ್ಯ ಬಂದು ಗುಟ್ಟಾಗಿ ಹೇಳಿದ: "ಇನ್ನೊಂದ್ಸಲ ಅಮ್ಮನ್ನ ಬರ್ಸ್ಕೊಂಡು ಊರು ಬುಡಿ ಅಂದ್ಬುಡು ಮಂಟಯ್ಯ. ಯಾರ್ಗೂ ಗೊತ್ತಾಗಕಿಲ್ಲ."

ಸುಲಭದ ದಾರಿ. ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಹೆಂಡತಿಯನ್ನು ಮಣ್ಣು ಮಾಡಿ ಬಂದವನೊಳಗೆ, ತಮಟೆಯಿಲ್ಲದೆ, ಬೇವಿನ ಸೊಪ್ಪಿಲ್ಲದೆ ಯಾರೋ ಮೆಲ್ಲಗೆ ಹೇಳುತ್ತಿದ್ದರು: ಕೈ ತೋರ್ಸು. ಎಷ್ಟು ಗದರಿದರೂ ಆ ದನಿ ಸುಮ್ಮನಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಎಲ್ಲರನ್ನೂ ಮಾರಿಗುಡಿಯ ಮುಂದೆ ಕರೆದು, ರುಮಾಲು ಬಿಚ್ಚಿ ನೆಲದ ಮೇಲಿಟ್ಟ. ಅರಿಸಿನ ಮೆತ್ತಿ ಬಚ್ಚಿಟ್ಟುಕೊಂಡಿದ್ದ ಅಂಗೈಯನ್ನು ತೊಳೆದು ಎತ್ತಿ ಹಿಡಿದ. ಸುಟ್ಟ ಗಾಯ ಕೀವಾಗಿತ್ತು.

"ಅವತ್ತು ಕೈ ಸುಡ್ತು ಕಣ್ರಪ್ಪಾ. ಅಲ್ಲು ಕಚ್ಕೊಂಡು ನಿಂತಿದ್ದೆ. ಅಮ್ಮ ಬಂದಿರ್ನಿಲ್ಲ, ಮಾತಾಡಿದ್ದು ನಾನು. ಊರು ಬುಟ್ಟು ಓಗಿ."

ಅವನ ಮುಖಕ್ಕೆ ಮೊದಲು ಉಗಿದವಳು ನಮ್ಮಜ್ಜಿ. ಆಮೇಲೆ ಕಲ್ಲು ಬಿದ್ದವು. ಹಣೆ ಒಡೆದರೂ ಅವನು ಕೈ ಇಳಿಸಲಿಲ್ಲ. ಮಧ್ಯಾಹ್ನದೊಳಗೆ ಊರು ಖಾಲಿಯಾಯಿತು.

ಗುಡಿಸಲಿಗೆ ಬಂದ ಮೇಲೆ ಅಜ್ಜಿಗೂ ಪ್ಲೇಗಿನ ಗಡ್ಡೆ ಎದ್ದಿತು. ಕಟ್ಟಿಕೊಂಡ ಗಂಡನೇ ಹತ್ತಿರ ಸುಳಿಯಲಿಲ್ಲ. ಗಂಜಿ ತಂದವನು ಮಂಟಯ್ಯ.

"ನಿನ್ ಕೈಲಿ ಬ್ಯಾಡ. ಸಾಯ್ತೀನಿ ಬುಡು" ಎಂದು ಅಜ್ಜಿ ಬಟ್ಟಲು ತಳ್ಳಿದಳು.

ಪಟೇಲನಿಗೂ ಏಳದಿದ್ದವನು ಅವಳ ಮುಂದೆ ನೆಲಕ್ಕೆ ತಲೆಯಿಟ್ಟ. "ನನ್ ಮಕ ನೋಡಿ ಕುಡೀಬ್ಯಾಡ ಕಣವ್ವ. ನನ್ನೊಳ್ಗೆ ಇರೋಳೇ ನಿನ್ನೊಳ್ಗೂ ಅವ್ಳೆ. ಅವ್ಳು ಅಸ್ಕೊಂಡವ್ಳೆ, ಕುಡಿ."

ಅಜ್ಜಿ ಕುಡಿದಳು, ಬದುಕಿದಳು. ಅವಳು ಎದ್ದು ಕೂರುವ ಹೊತ್ತಿಗೆ ಅವನಿಗೆ ಜ್ವರ ಬಂತು. ಮೂರೇ ದಿನ.

ಹೊರಲು ಒಬ್ಬರೂ ಬರಲಿಲ್ಲ. ಅಜ್ಜಿಯೇ ಗುಂಡಿ ತೋಡಿ, ಚಾಪೆಯಲ್ಲಿ ಎಳೆದುಕೊಂಡು ಹೋದಳು. ಮಣ್ಣು ಮುಚ್ಚುವ ಮೊದಲು ಆ ಅಂಗೈಯನ್ನು ಬಿಡಿಸಿ, ಅರಿಸಿನ ಹಚ್ಚಿ, ಅಮ್ಮನಿಗೆ ಮುಗಿಯುವ ಹಾಗೆ ಕೈ ಮುಗಿದಳಂತೆ. ಆಮೇಲೆ ಮಗನ ನೆನಪಾಗಿ ಅಲ್ಲೇ ಕೂತು ಮಂಟಯ್ಯನನ್ನು ಬಾಯಿಗೆ ಬಂದಂತೆ ಬೈದಳಂತೆ.