ಶುಕ್ರವಾರ ಹೊಸಿಲು ದಾಟದ ಹಾರ್ಡ್ ಡಿಸ್ಕ್

ನನ್ನ ಹಾರ್ಡ್ ಡಿಸ್ಕನ್ನು ಭಾವನೇ ಟವೆಲಿನಲ್ಲಿ ಸುತ್ತಿಕೊಂಡರೋ, ಅಕ್ಕ ಸುತ್ತಿಕೊಟ್ಟಳೋ, ಈಗ ಖಚಿತವಾಗಿ ಹೇಳಲಾರೆ. ಅಂಥದ್ದೇನೂ ನಡೆಯಲೇ ಇಲ್ಲ ಎನ್ನುತ್ತಾಳೆ ಅಕ್ಕ. ಅವಳ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಒಂಟಿಕೊಪ್ಪಲಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ನನ್ನ ಪಿಎಚ್.ಡಿ. ಪ್ರಬಂಧವಿತ್ತು. ಬೇರೆ ಪ್ರತಿ ಇರಲಿಲ್ಲ, ಫ್ಲಾಪಿಗಳೆಲ್ಲ ಕೆಟ್ಟಿದ್ದವು. ಜಾಗ ಸಾಲದೆ ಇನ್ನೊಂದು ಡಿಸ್ಕ್ ತಂದೆ. ಅದನ್ನು ಜೋಡಿಸಲು ವಿಜಯನಗರದಿಂದ ಭಾವ ಬಂದರು, ಜೊತೆಗೆ ಅಕ್ಕನೂ. ಬಿಡುವಿನಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವುದು ಅವರ ಅಭ್ಯಾಸ. ರಿಪೇರಿಗೆ ಹೋದ ಡಿಸ್ಕ್ ಬೇರೆಯದೇ ಆಗಿ ವಾಪಸ್ಸು ಬರುವ ಕತೆಗಳನ್ನು ಕೇಳಿದ್ದ ನನಗೆ ಅವರ ಕೈಮೇಲೇ ಕಣ್ಣು.

ಹಳೆಯದರ ಪಕ್ಕ ಹೊಸದನ್ನು ಕೂರಿಸಿ, ಪಟ್ಟಿಯಂಥ ಅಗಲ ಕೇಬಲ್ಲಿಗೆ ಎರಡನ್ನೂ ಸಿಕ್ಕಿಸಿದರು. ಹೊಸದರ ಹಿಂದಿನ ಪಿನ್ನುಗಳ ಮೇಲೆ ಜಂಪರ್ ಎಂಬ ಪುಟ್ಟ ಕ್ಲಿಪ್ಪಿತ್ತು. ಅದನ್ನು ಸರಿಸಿ, ಇದು ಎರಡನೆಯ ಡಿಸ್ಕ್ ಎಂದು ಯಂತ್ರಕ್ಕೆ ತಿಳಿಯುವಂತೆ ಮಾಡಿದರು. ಹಳೆಯದರಲ್ಲಿ ಕ್ಲಿಪ್ಪೇ ಕಾಣಲಿಲ್ಲ. ಸ್ವಿಚ್ ಒತ್ತಿದರೆ ಎರಡರಲ್ಲಿ ಒಂದೂ ತೆರೆಯ ಮೇಲೆ ಕಾಣಿಸಲಿಲ್ಲ.

“ನಿನ್ನ ಹಳೇದು ಹೋಗ್ಬುಟ್ಟಿದೆ ಕಣಯ್ಯಾ. ಮನೆಗೆ ತಗೊಂಡೋಗಿ ನೋಡ್ತೀನಿ,” ಎಂದರು ಭಾವ.

“ಇಲ್ಲೇ ನೋಡಿ ಭಾವ.”

“ಇಲ್ಲೇನಿದೆ, ನಿಮ್ಮಮ್ಮನ ಉಪ್ಪಿಟ್ಟು ಬಿಟ್ರೆ?”

ಅಮ್ಮ ನಕ್ಕಳು. ಮನೆಯ ಅಳಿಯನಿಗೆ, ಅದೂ ಅಮ್ಮನ ಎದುರು, ನಿಮ್ಮನ್ನು ನಂಬುವುದಿಲ್ಲ ಎಂದು ಹೇಳುವುದು ಹೇಗೆ? ಡಿಸ್ಕ್ ಆಗಲೇ ಟವೆಲಿನೊಳಗಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟು:

“ಅಮ್ಮಾ, ಇವತ್ತು ಶುಕ್ರವಾರ. ದೀಪ ಹಚ್ಚಿದ ಮೇಲೆ ಮನೆ ವಸ್ತು ಆಚೆ ಕಳಿಸ್ತಾರಾ?”

ಇಂಥದ್ದನ್ನೆಲ್ಲ ವರ್ಷಗಟ್ಟಲೆ ಗೇಲಿ ಮಾಡಿದವನು ನಾನು.

“ಯಾವಾಗಿಂದ ಬಂತೋ ನಿಂಗೆ ಈ ಭಕ್ತಿ?” ಅಕ್ಕ ದಿಟ್ಟಿಸಿದಳು.

ಅಮ್ಮ ಮಾತ್ರ ಟವೆಲಿಗೇ ಕೈಹಾಕಿದಳು. “ಹೌದಲ್ವಾ! ನಾಳೆ ತಗೊಂಡೋಗೀರಂತೆ ಅಳಿಯಂದ್ರೇ.”

“ಓದಿದೋರ ಮನೇಲಿ ಡಿಸ್ಕಿಗೂ ಶುಕ್ರವಾರ!” ಎನ್ನುತ್ತ ಭಾವ ಚಪ್ಪಲಿ ಮೆಟ್ಟಿದರು.

ಮರುದಿನ ಅವರು ಬರುವ ಮೊದಲೇ ಹಳೆಯದೊಂದನ್ನೇ ಸಿಕ್ಕಿಸಿ ನೋಡಿದೆ. ಪ್ರಬಂಧ ಅಡಿಟಿಪ್ಪಣಿಗಳ ಸಮೇತ ತೆರೆದುಕೊಂಡಿತು. ಹೊಸ ಫ್ಲಾಪಿಗಳನ್ನು ತಂದು ನಕಲು ಮಾಡಿಕೊಳ್ಳುವಾಗಲೇ ಸಮಾಧಾನ ಕರಗಿ ಅನುಮಾನ ಗಟ್ಟಿಯಾಯಿತು. ಚೆನ್ನಾಗಿಯೇ ಇರುವ ಡಿಸ್ಕ್ ಹೋಗಿದೆ ಎಂದದ್ದೇಕೆ? ಕೆಟ್ಟಂತೆ ಕಾಣಲೆಂದು ಅದರ ಕ್ಲಿಪ್ಪನ್ನು ಭಾವನೇ ಕಿತ್ತಿರಬೇಕು ಎಂದುಕೊಂಡೆ. ಆ ಊಹೆ ಯಾವಾಗ ನೆನಪಾಗಿ ಮಾರ್ಪಟ್ಟಿತೋ ತಿಳಿಯದು. ಈಗ ಅವರು ಅದನ್ನು ಅಂಗೈಯಲ್ಲಿ ಅಡಗಿಸುವುದೂ ನನಗೆ ಸ್ಪಷ್ಟವಾಗಿ ಕಾಣಿಸುತ್ತದೆ.

ವರ್ಷಗಳ ನಂತರ ಎರಡೂ ಡಿಸ್ಕುಗಳನ್ನು ಮೇಜಿನ ಮೇಲಿಟ್ಟುಕೊಂಡು ಒಂದು ಸಂಗತಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಆ ಹಳೆಯ ಡಿಸ್ಕ್ ಒಂದೇ ಇದ್ದಾಗ ಕ್ಲಿಪ್ ಇಲ್ಲದೆಯೇ ಓಡುತ್ತದೆ. ಜೊತೆಗೆ ಇನ್ನೊಂದಿದ್ದಾಗ, ತಾನು ಮೊದಲನೆಯದೆಂದು ಹೇಳುವ ಕ್ಲಿಪ್ ಹಾಕದಿದ್ದರೆ, ಎರಡೂ ಕಾಣಿಸುವುದಿಲ್ಲ. ಅಂದು ಭಾವನಿಗೆ ಕೀಳಲು ಅದರಲ್ಲಿ ಕ್ಲಿಪ್ಪೇ ಇರಲಿಲ್ಲವೇನೋ.