ಏಳು ಕುರಿ ಮತ್ತು ಮದರಾಸಿನ ಕಾಗದ

ಆಗ ನಾನು ರಾಯದುರ್ಗದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ನಮ್ಮ ಡಾಕ್ಟರು ಬಳ್ಳಾರಿ ಕಡೆಯವರು, ಕೆಲಸದಲ್ಲಿ ಹುಲಿ. ಕುರಿಗಳ ಸಿಡುಬಿಗೆ ತಾವೇ ಒಂದು ಲಸಿಕೆ ತಯಾರಿಸಿ, ಭೈರವಾನಿತಿಪ್ಪದ ಮುದುಕಿಯೊಬ್ಬಳ ಹಿಂಡಿಗೆ ಚುಚ್ಚಿದ್ದರು. ದಿನಾ ಹೋಗಿ ಕುರಿ ನೋಡಿ, ಯಾವುದಕ್ಕೆ ಯಾವ ಸೀಸೆಯ ಮದ್ದು ಎಂಬುದನ್ನೂ ಸೇರಿಸಿ ಪುಸ್ತಕದಲ್ಲಿ ಬರೆಯುವವನು ನಾನು. ಎರಡನೇ ವಾರ ಏಳು ಕುರಿ ಸತ್ತವು. ಅದನ್ನೂ ಬರೆದೆ.

ಮದರಾಸಿನ ಪಶುವೈದ್ಯರ ಸಂಘವೊಂದಕ್ಕೆ ಡಾಕ್ಟರು ಕಳಿಸಿದ ಲೇಖನದಲ್ಲಿ ಒಂದು ಕುರಿಯೂ ಸತ್ತಿರಲಿಲ್ಲ. ಆ ಸಂಘದ ಸದಸ್ಯರಾಗಬೇಕೆಂಬುದು ಅವರ ಬಹಳ ದಿನದ ಆಸೆ. ಹೆಸರು ಮಾಡುವಂಥ ಲೇಖನವಿಲ್ಲದೆ ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ತಿಂಗಳಾದ ಮೇಲೆ ಸಂಘದ ಕಾಗದ ಬಂತು. ಅಚ್ಚು ಹಾಕುವ ಮುಂಚೆ ಮೂಲ ಪುಸ್ತಕ ನೋಡಬೇಕು, ಕುರಿ ಎಣಿಸಿದವರ ರುಜು ಅದರಲ್ಲಿರಬೇಕು.

ಡಾಕ್ಟರು ಬಾಗಿಲು ಮುಂದೆ ಮಾಡಿ, ಹೊಸ ಪುಸ್ತಕವೊಂದನ್ನು ನನ್ನೆದುರಿಗಿಟ್ಟರು.

“ಇದರಾಗ ಮತ್ತ ಬರೀರಿ. ಆ ಏಳು ತಪ್ಪಿಸಿಕೊಂಡು ಹೋದ್ವು ಅಂತ ಹಾಕ್ರಿ.”

“ಸತ್ತಿದ್ದು ಕಣ್ಣಾರೆ ನೋಡೀನ್ರಿ, ಸಾಹೇಬ್ರ.”

“ನಿಮ್ಮನ್ನ ಖಾಯಂ ಮಾಡ್ರಿ ಅಂತ ಮೇಲಕ್ಕ ಬರಿಯಾಂವ ಯಾರು, ನಾನ ಅಲ್ರಿ?”

ಪೆನ್ನು ಹಿಡಿದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಅದೇ ಮುದುಕಿ.

“ನನ್ನವು ಏಳು ಹೋದ್ರೂ ಉಳಿದವಕ್ಕ ಸಿಡುಬು ಬರಲಿಲ್ಲ ಅಂತ ನಮ್ಮೂರಾಗ ಎಲ್ಲಾರೂ ಆ ಸೂಜಿ ಕೇಳಾಕತ್ತಾರ್ರಿ. ಹಾಕಿಸಬಹುದೇನ್ರಿ?”

ಡಾಕ್ಟರು ಕಿಟಕಿಯ ಕಡೆ ತಿರುಗಿ ನಿಂತರು.

“ಈಗ ಬ್ಯಾಡವ್ವ,” ಅಂದುಬಿಟ್ಟೆ.

ಅವಳು ಹೋದ ಮೇಲೆ ಹೊಸ ಪುಸ್ತಕ ಸರಿಸಿ, ಹಳೆಯದಕ್ಕೆ ರುಜು ಹಾಕಿದೆ. ಡಾಕ್ಟರು ಎರಡನ್ನೂ ಎತ್ತಿಕೊಂಡು ಒಳಗೆ ಹೋದರು. ಮರುದಿನ ಅವರೇ ಅಂಚೆ ಕಚೇರಿಗೆ ಒಂದು ಕಟ್ಟು ಒಯ್ದರು. ಅದರೊಳಗೆ ಯಾವ ಪುಸ್ತಕವಿತ್ತೋ ನನಗೆ ತಿಳಿಯಲಿಲ್ಲ.

ಮೂರು ವಾರದ ಮೇಲೆ ಉತ್ತರ ಬಂದಾಗ ಡಾಕ್ಟರು ನನ್ನನ್ನು ಕೂಡಿಸಿಕೊಂಡು ಓದಿದರು. ಹೋದದ್ದು ಹಳೆಯ ಪುಸ್ತಕವೇ. ಸತ್ತ ಏಳಕ್ಕೂ ಕೊನೆಯ ಸೀಸೆಯ ಮದ್ದೇ ಚುಚ್ಚಿದೆಯೆಂದು ನನ್ನ ಬರಹದಿಂದಲೇ ಸಂಘದವರು ಗುರುತಿಸಿದ್ದರು. ಆ ಸೀಸೆಗೆ ಏನಾಯಿತು, ಸಾವುಗಳನ್ನೂ ಸೇರಿಸಿ ಬರೆದು ಕಳಿಸಿ ಎಂದು ಕೇಳಿದ್ದರು.

ಆ ಸೀಸೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದವನು ನಾನೇ. ಹಾದಿಯಲ್ಲಿ ಟೈರು ಪಂಕ್ಚರಾಗಿ, ತಂಪಾಗಿರಬೇಕಾದ ಸೀಸೆ ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿತ್ತು. ಹೇಳಿದೆ. ಡಾಕ್ಟರು ಖಾಲಿ ಹಾಳೆಯೊಂದನ್ನು ನನ್ನೆದುರಿಗೆ ಸರಿಸಿದರು.

“ಬರ್ಕೊಳ್ರಿ ಅದನ್ನೂ,” ಅಂದರು.

ಅವರು ಆ ವರ್ಷ ಸದಸ್ಯರಾಗಲಿಲ್ಲ. ನನಗೆ ಖಾಯಂ ಆರ್ಡರು ಬಂತು, ಜೊತೆಗೆ ಮಡಕಶಿರಕ್ಕೆ ವರ್ಗ. ವರ್ಗವಾದದ್ದು ಡಾಕ್ಟರ ಸಿಟ್ಟಿನಿಂದಲೋ ವಾಡಿಕೆಯಂತೆಯೋ, ನಾನು ಕೇಳಲಿಲ್ಲ.