ಮೂರನೇ ಬಿರುಕಿನ ಗೂಟಗಳು

ಭೀಮರಾಜನ ಮಂಡಿಗಳು ಗುಡ್ಡಕ್ಕಿಂತ ಮೊದಲೇ ಕುಸಿದುಹೋಗಿದ್ದವು. ಇಪ್ಪತ್ತು ವರ್ಷ ಕ್ವಾರಿಯಲ್ಲಿ ಕಲ್ಲು ಒಡೆದು, ಆಮೇಲೆ ಸೋಂಪುರದ ಫ್ಯಾಕ್ಟರಿ ಗೇಟಿನಲ್ಲಿ ಆರು ವರ್ಷ ನಿಂತು, ಐವತ್ತನಾಲ್ಕಕ್ಕೆ ಇನ್ನಾದರೂ ಕೂರೋಣ ಅಂದುಕೊಳ್ಳುವಾಗ ಈ ಕೆಲಸ ಗಂಟುಬಿತ್ತು. ಶಿವಗಂಗೆಯ ಆಚೆ ಒಂದು ಗುಡ್ಡ. ಅದರ ಮೇಲಿನ ಹಳ್ಳಿಗೆ ಬಸ್ಸು ಹೋಗಲೆಂದು ಗುಡ್ಡದ ಮಗ್ಗುಲು ಕೊರೆದು ರಸ್ತೆ ಮಾಡುತ್ತಿದ್ದಾರೆ. ಕೊರೆದ ಜಾಗದ ಮೇಲಿನ ಮಣ್ಣು ಜಾರುತ್ತಿದೆಯೋ ಇಲ್ಲವೋ ಎಂದು ದಿನಾ ನೋಡುವುದು ಅವನ ಪಾಲಿಗೆ ಬಂತು.

ನೋಡುವುದೆಂದರೆ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ ನೋಡುವುದಲ್ಲ. ಮೇಲೆ ಐದು ಕಡೆ ನೆಲ ಬಿರುಕು ಬಿಟ್ಟಿದೆ. ಪ್ರತಿ ಬಿರುಕಿಗೂ ಆಚೆಗೊಂದು ಈಚೆಗೊಂದು ಕಬ್ಬಿಣದ ಗೂಟ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹತ್ತಿ, ಗೂಟದಿಂದ ಗೂಟಕ್ಕೆ ಟೇಪು ಹಿಡಿದು ಅಳೆದು, ಅಂಕಿಯನ್ನು ಎಂಜಿನಿಯರ್ ಸುನಿಲ್‌ಕುಮಾರ್ ಅವರ ಫೋನಿಗೆ ಕಳಿಸಬೇಕು. ಅವರಿಂದ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಎಂಟು ತಿಂಗಳಿಂದ ಇದೇ ಪಾಡು. ಎಷ್ಟಾಯಿತು ಎಂದು ಬಾಯಿಬಿಟ್ಟು ಕೇಳಿದ ನರಪಿಳ್ಳೆ ಇಲ್ಲ.

ಐದರಲ್ಲಿ ನಾಲ್ಕು ಬಿರುಕುಗಳು ಸಾಧು. ಮೂರನೆಯದು ಮಾತ್ರ ತಂಟೆಕೋರ. ನೂರಾ ಇಪ್ಪತ್ತು ಸೆಂಟಿಮೀಟರಿನಿಂದ ಶುರುವಾದದ್ದು ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನೂರಾ ಇಪ್ಪತ್ನಾಲ್ಕಕ್ಕೆ ಬಂದಿತ್ತು. ನೂರಾ ಇಪ್ಪತ್ತೈದು ದಾಟಿದರೆ ಅದರ ಕೆಳಗೆ ಯಾರೂ ಇರಕೂಡದು ಎಂದು ನಿಯಮ. ಅದರ ನೇರ ಕೆಳಗೆ ಹೆಂಗಸರ ಗ್ಯಾಂಗೊಂದು ತಡೆಗೋಡೆಗೆ ಮಂಕರಿಗಳಲ್ಲಿ ಕಲ್ಲು ಹೊರುತ್ತಿತ್ತು. ಗ್ಯಾಂಗಿನ ಮುಂದಾಳು ಮುನಿತಾಯಮ್ಮ. ಭೀಮರಾಜನ ಹೆಂಡತಿ ಅನುಸೂಯಮ್ಮನೂ ಅದರಲ್ಲೇ ಇದ್ದಳು.

ಆಯುಧಪೂಜೆಯ ದಿನ ಅವನು ಮಂಡಿ ಊದಿ ಮನೆಯಲ್ಲೇ ಮಲಗಿದ್ದ. ಅವತ್ತೂ ಮಾರನೆಯ ದಿನವೂ ಮಳೆ ಹೊಯ್ಯಿತು. ರಜೆ ಮುಗಿದ ಬೆಳಿಗ್ಗೆ ಏದುಸಿರು ಬಿಡುತ್ತ ಹತ್ತಿ ಅಳೆದರೆ, ಮೂರನೇ ಬಿರುಕು ನೂರಾ ಇಪ್ಪತ್ತೆರಡು! ಬಾಯಿ ಬಿಟ್ಟ ನೆಲ ಮಳೆ ಕುಡಿದ ಮೇಲೆ ತಾನಾಗಿ ಬಾಯಿ ಮುಚ್ಚಿಕೊಳ್ಳುವುದುಂಟೇ? ಬಗ್ಗಿ ನೋಡಿದ. ಗೂಟಗಳು ಥಳಥಳ ಹೊಳೆಯುತ್ತಿದ್ದವು. ತಲೆಯ ಮೇಲೆ ಅರಿಶಿನ, ಕುಂಕುಮ, ನೆನೆದ ಚೆಂಡುಹೂವು.

ಕೆಳಗಿಳಿದು ಕೇಳಿದರೆ ಅನುಸೂಯಮ್ಮ ಖುಷಿಯಿಂದಲೇ ಹೇಳಿದಳು. “ನಾನೇ ಕಿತ್ತಿದ್ದು. ನಾವೆಲ್ಲ ಮಂಕರಿ, ಗುದ್ದಲಿಗೆ ಪೂಜೆ ಮಾಡ್ತಿದ್ವಿ. ನಮ್ ತಲೆ ಮೇಲೇ ನಿನ್ ಕೆಲ್ಸದ ಸಾಮಾನು ತುಕ್ಕು ಹಿಡ್ದು ಕೂತಿತ್ತು, ಅದಕ್ಕೂ ಒಂದು ಪೂಜೆ ಬ್ಯಾಡ್ವಾ? ಹುಣಸೆಹಣ್ಣು ಹಾಕಿ ಉಜ್ಜಿ, ಅದೇ ತೂತಿಗೆ ಇಟ್ಟು ಕಲ್ಲಲ್ಲಿ ಬಡ್ದು ಬಂದೆ.”

ಮಳೆಗೆ ಅಗಲವಾದ ತೂತಿನಲ್ಲಿ ಗೂಟ ಹೇಗೆ ವಾಲಿತೋ ಹಾಗೆ ಅಳತೆ. ಎಂಟು ತಿಂಗಳ ಹತ್ತಿಳಿತವೆಲ್ಲ ಹುಣಸೆಹಣ್ಣಿನ ನೀರಲ್ಲಿ ತೊಳೆದುಹೋಗಿತ್ತು. ಬೈಯಬೇಕೆಂದು ಬಾಯಿ ತೆರೆದವನಿಗೆ ಅವಳ ಮುಖ ನೋಡಿ ಬೈಗುಳ ಬರಲಿಲ್ಲ. ತನ್ನ ಕೆಲಸವನ್ನು ಕೆಲಸವೆಂದು ಲೆಕ್ಕಕ್ಕಿಟ್ಟವಳು ಅವಳೊಬ್ಬಳೇ.

ಎಂಜಿನಿಯರ ಹತ್ತಿರ ಹೋಗಿ, “ಪೂಜೆಗೆ ಅಂತ ಗೂಟ ಕಿತ್ಬಿಟ್ಟೆ ಸಾರ್, ನಾನೇ. ಈ ಅಳತೆ ನಂಬ್ಬೇಡಿ,” ಅಂದ.

ಸುನಿಲ್‌ಕುಮಾರ್ ಕೆಟ್ಟ ಮನುಷ್ಯನಲ್ಲ. ಮುಂದಿನ ಮಳೆಗೆ ಮೊದಲು ಗೋಡೆ ಎದ್ದರೆ ಗುಡ್ಡಕ್ಕೇ ಒಳ್ಳೆಯದು ಎಂಬ ಆತುರ ಅವರದು. “ಹೋಗ್ಲಿ ಬಿಡಿ ಭೀಮಣ್ಣ, ಇವತ್ತಿಂದ ಹೊಸ ಲೆಕ್ಕ ಶುರು ಮಾಡಿ,” ಅಂದರು.

“ಹೊಸ ಲೆಕ್ಕ ನಮಗೆ ಸಾರ್. ಬಿರುಕಿಗೆ ಹಳೇದೇ.”

ಅವರು ಆಗಲೇ ಫೋನು ಕಿವಿಗಿಟ್ಟಿದ್ದರು.

ಭೀಮರಾಜ ಮತ್ತೆ ಹತ್ತಿ ಗೂಟದ ಪಕ್ಕ ಕೂತ. ಕೆಳಗೆ ಹೆಂಗಸರು ಕಲ್ಲು ಹೊರುತ್ತಿದ್ದರು. ಅವರಲ್ಲಿ ಅನುಸೂಯಮ್ಮನ ಹಸಿರು ಸೀರೆ. ಹತ್ತು ಗಂಟೆಗೆ ತುಂತುರು ಶುರುವಾಯಿತು. ಅಪಾಯ ಕಂಡರೆ ಊದಲೆಂದು ಕೊಟ್ಟ ವಿಷಲ್ ಕೊರಳಲ್ಲಿತ್ತು. ಕಂಡದ್ದೇನೂ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. ಊದಿಬಿಟ್ಟ.

ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಜೆಸಿಬಿ ನಿಂತಿತು. ಒಂದು ಗಂಟೆ ಕಾದರೂ ಒಂದು ಹಿಡಿ ಮಣ್ಣು ಬೀಳಲಿಲ್ಲ.

“ಏನು ನೋಡಿದ್ರಿ?” ಸುನಿಲ್‌ಕುಮಾರ್ ಕೇಳಿದರು.

“ಏನೂ ನೋಡ್ಲಿಲ್ಲ ಸಾರ್.”

“ನಾಳೆಯಿಂದ ಗೇಟ್ ಹತ್ರ ಕೂತ್ಕೊಳ್ಳಿ. ಮೇಲಕ್ಕೆ ಹತ್ತೋದು ಬೇಡ.”

ಅವಮಾನವಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಹಾಯೆನಿಸಿತು. ಅಂಥ ಹೊತ್ತಲ್ಲಿ ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಸಾಕಾಗಿಹೋಗಿತ್ತು ಅವನಿಗೆ.

ಮಾರನೆಯ ಬೆಳಿಗ್ಗೆ ಗೇಟಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಹೆಂಗಸರು ಬಂದವರು ಒಳಗೆ ಹೋಗದೆ ಮಂಕರಿ ಮಗುಚಿ ಅದರ ಮೇಲೇ ಕೂತರು. ಸುನಿಲ್‌ಕುಮಾರ್ ಬಂದು ಕೂಗಾಡಿದರು. ಮುನಿತಾಯಮ್ಮ ಎಲೆಅಡಿಕೆ ಜಗಿಯುತ್ತಲೇ ಹೇಳಿದಳು. “ದಿನಾ ತಲೆ ಎತ್ತಿ ನೋಡ್ತೀವಿ ಸಾರ್. ಮೇಲೆ ಭೀಮಣ್ಣನ ಟವಲ್ ಕಂಡ್ರೆ ಮಂಕರಿ ಎತ್ತೋದು. ಅವ್ನು ಕೆಳಗೆ ಕೂತ್ರೆ ನಾವೂ ಕೂತ್ಕೋತೀವಿ.”

ಅನುಸೂಯಮ್ಮ ಎದ್ದು ನಿಂತಳು. “ಗೂಟ ಕಿತ್ತಿದ್ದು ನಾನು ಸಾರ್. ಅವ್ನಲ್ಲ.”

ಸುನಿಲ್‌ಕುಮಾರ್ ಮಗುಚಿದ ಮಂಕರಿಗಳ ಸಾಲನ್ನು ನೋಡಿದರು. ಆಮೇಲೆ ಭೀಮರಾಜನ ಕಡೆ ತಿರುಗಿ, “ಒಂದ್ಸಲ ಅಳೆದು ಬನ್ನಿ,” ಅಂದರು.

ಭೀಮರಾಜ ಕುರ್ಚಿಯನ್ನು ಆಸೆಯಿಂದ ನೋಡಿದ. ಎದ್ದ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಮಂಡಿಯನ್ನು ಶಪಿಸುತ್ತ ಹತ್ತಿ, ಟೇಪು ಹಿಡಿದ. ಅಳತೆ ನೂರಾ ಇಪ್ಪತ್ತೆರಡರ ಮೇಲೆ ಒಂಬತ್ತು ಮಿಲಿಮೀಟರ್. ಎಂಟು ತಿಂಗಳಲ್ಲಿ ನಾಲ್ಕು ಸೆಂಟಿಮೀಟರ್ ಜರುಗಿದ್ದ ನೆಲ ಒಂದೇ ದಿನದಲ್ಲಿ ಇಷ್ಟು ಜರುಗಿತ್ತು. ಅಭ್ಯಾಸಬಲದಿಂದ ಫೋನು ತೆಗೆದು ಅಂಕಿ ಒತ್ತತೊಡಗಿದ.

ಅಷ್ಟರಲ್ಲಿ ಕೆಳಗಿನಿಂದ ಮುನಿತಾಯಮ್ಮನ ಕೂಗು ಬಂತು. “ಎಷ್ಟಾಯ್ತು ಭೀಮಣ್ಣಾ?”

ಫೋನು ಕೈಯಲ್ಲೇ ಉಳಿಯಿತು. “ಒಂದೇ ದಿನಕ್ಕೆ ಒಂಬತ್ತು ಮಿಲಿಮೀಟರ್! ಯಾರೂ ಒಳಗೆ ಬರ್ಬೇಡಿ!” ಎಂದು ಅವನು ಕೂಗಿ ಹೇಳಿದ.